ಕುತ್ತಿಗೆಯ ಆಪರೇಷನ್: ಮುಂದಿನಿಂದಲೋ, ಹಿಂದಿನಿಂದಲೋ?

ಅಂಗಿಯ ಗುಂಡಿ ಹಾಕುವಾಗ ಬೆರಳು ತಡವರಿಸುವುದು, ಕೈಬರಹ ಕೆಡುವುದು, ಹೆಜ್ಜೆ ತೂರಾಡುವುದು: ಕುತ್ತಿಗೆಯಲ್ಲಿ ಬೆನ್ನುಹುರಿ ಅದುಮಿಹೋಗಿದ್ದರೆ ಕಾಣುವ ಗುರುತುಗಳಿವು. ನೋವು ಇರಲೇಬೇಕೆಂದಿಲ್ಲ, ಎಷ್ಟೋ ಮಂದಿ ತಡವಾಗಿ ಆಸ್ಪತ್ರೆಗೆ ಬರುವುದು ಅದಕ್ಕೇ. ಎಂಆರ್‌ಐ ನೋಡಿ ಡಾಕ್ಟರು ‘ಸ್ಕ್ರೂ ಹಾಕಬೇಕು’ ಎಂದರೆ ಮನೆಯವರ ಚಿಂತೆಯೆಲ್ಲ ಆ ಲೋಹದ ಮೇಲೆಯೇ. ಆದರೆ ಹುರಿಗೆ ಬಿಡುಗಡೆ ಸಿಗುವುದು ಸ್ಕ್ರೂನಿಂದಲ್ಲ, ಒತ್ತುತ್ತಿರುವ ಡಿಸ್ಕನ್ನೋ ಮೂಳೆಯನ್ನೋ ತೆಗೆದಾಗ. ಹಾಗೆ ತೆಗೆದ ಜಾಗ ಬೆಸೆದುಕೊಳ್ಳುವವರೆಗೆ ಅಲುಗದಂತೆ ಹಿಡಿದಿಡುವುದಷ್ಟೇ ಲೋಹದ ಕೆಲಸ.

ಒತ್ತಡ ಒಂದೆರಡು ಡಿಸ್ಕ್‌ಗಳಿಂದ, ಅದೂ ಮುಂಭಾಗದಿಂದ ಬಂದಿದ್ದರೆ ಗಂಟಲಿನ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತಾರೆ. 1950ರ ದಶಕದಲ್ಲಿ ಸ್ಮಿತ್, ರಾಬಿನ್ಸನ್ ಮತ್ತು ಕ್ಲೋವರ್ಡ್ ರೂಢಿಗೆ ತಂದ ದಾರಿಯಿದು. ಡಿಸ್ಕ್ ತೆಗೆದು ಆ ಜಾಗದಲ್ಲಿ ‘ಕೇಜ್’ ಎಂಬ ಪುಟ್ಟ ಆಸರೆ ಇಟ್ಟು ಮುಂದೆ ಪ್ಲೇಟ್ ಬಿಗಿಯುತ್ತಾರೆ. ಆ ಪ್ಲೇಟಿನ ಮುಂದೆಯೇ ಅನ್ನನಾಳ ಇರುವುದರಿಂದ ಕೆಲವರಿಗೆ ನುಂಗುವುದು ಕಷ್ಟವಾಗುತ್ತದೆ. ಕೇಜಿನೊಳಗಿಂದಲೇ ಸ್ಕ್ರೂ ಹಾಯಿಸುವ, ಪ್ಲೇಟ್ ಹೊರಚಾಚದ ‘ಜೀರೋ ಪ್ರೊಫೈಲ್’ ಬಗೆ ಬಂದದ್ದು ಈ ತೊಂದರೆ ತಗ್ಗಿಸಲು. ಅದಕ್ಕೂ ಒಂದು ಕೊರತೆಯುಂಟು: ಕೇಜ್ ಮೂಳೆಯೊಳಗೆ ಕುಸಿಯುವ ಸಂಭವ ತುಸು ಹೆಚ್ಚು.

ಮೂರು-ನಾಲ್ಕು ಕಡೆ ಒತ್ತಡವಿದ್ದರೆ ಸಾಮಾನ್ಯವಾಗಿ ಹಿಂದಿನ ದಾರಿ. ಹುರಿಯ ಮೇಲಿನ ಮೂಳೆಯ ಮಾಡು ತೆಗೆದು, ಕಶೇರುಗಳ ಪಕ್ಕದ ದಪ್ಪ ಭಾಗಕ್ಕೆ ‘ಲ್ಯಾಟರಲ್ ಮಾಸ್’ ಸ್ಕ್ರೂ ಹಾಕುತ್ತಾರೆ. ಕಶೇರುವಿನ ತೊಟ್ಟಿನಂಥ ಭಾಗಕ್ಕೆ ಹಾಕುವ ‘ಪೆಡಿಕಲ್’ ಸ್ಕ್ರೂಗೆ ಹಿಡಿತ ಇನ್ನೂ ಗಟ್ಟಿ. ಆದರೆ ಪಕ್ಕದಲ್ಲೇ ಮಿದುಳಿಗೆ ಹೋಗುವ ರಕ್ತನಾಳ. ಕೂದಲೆಳೆಯಷ್ಟು ತಪ್ಪಿದರೂ ಅಪಾಯ. ಕೈ ಪಳಗಿದ ಸರ್ಜನ್ ಇಲ್ಲದೆಡೆ ಲ್ಯಾಟರಲ್ ಮಾಸ್ ಸ್ಕ್ರೂವೇ ವಾಸಿ.

ಹಿಂದಿನ ದಾರಿಯಲ್ಲೇ ಇನ್ನೊಂದು ಬಗೆಯುಂಟು: ಜಪಾನಿನಲ್ಲಿ 1970ರ ದಶಕದಲ್ಲಿ ಸರ್ಜನ್ ಹಿರಾಬಯಾಶಿ ಮಾಡಿ ತೋರಿಸಿದ ಲ್ಯಾಮಿನೋಪ್ಲಾಸ್ಟಿ. ಇದರಲ್ಲಿ ಮೂಳೆಯನ್ನು ತೆಗೆದುಹಾಕುವುದಿಲ್ಲ. ಒಂದು ಬದಿ ಕತ್ತರಿಸಿ, ಇನ್ನೊಂದು ಬದಿಯನ್ನು ಕೀಲಾಗಿಸಿ ಬಾಗಿಲಿನಂತೆ ತೆರೆಯುತ್ತಾರೆ. ಈಗ ಆ ಬಾಗಿಲು ಮುಚ್ಚಿಕೊಳ್ಳದಂತೆ ಪುಟ್ಟ ಪ್ಲೇಟ್ ಇಡುವುದುಂಟು. ಬೆಸುಗೆ ಇಲ್ಲದ್ದರಿಂದ ಕುತ್ತಿಗೆಯ ಚಲನೆ ಬಹುಪಾಲು ಉಳಿಯುತ್ತದೆ. ಕುತ್ತಿಗೆ ಮುಂದಕ್ಕೆ ಬಾಗಿಹೋಗಿದ್ದರೆ ಮಾತ್ರ ಇದು ಒಗ್ಗದು. ಹಿಂದೆ ಜಾಗ ಮಾಡಿಕೊಟ್ಟರೂ ಹುರಿ ಹಿಂದಕ್ಕೆ ಸರಿಯುವುದಿಲ್ಲ.

ಎರಡು ದಾರಿಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಉತ್ತರ ಅಮೆರಿಕದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 163 ರೋಗಿಗಳು, ವರ್ಷದ ಬಳಿಕ ಅವರ ದೈಹಿಕ ಚಟುವಟಿಕೆಯ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ತೊಡಕುಗಳು ಮುಂದಿನ ದಾರಿಯಲ್ಲಿ ಶೇ 48, ಹಿಂದಿನದರಲ್ಲಿ ಶೇ 24. ಈ ಅಂಕಿ ನೋಡಿ ಹೆದರಬೇಕಿಲ್ಲ, ಮುಂದಿನ ದಾರಿಯ ತೊಡಕಿನಲ್ಲಿ ಹೆಚ್ಚಿನದು ನುಂಗುವ ಕಷ್ಟವೇ. ಹೊಸದಾಗಿ ನರದೌರ್ಬಲ್ಯ ಕಂಡದ್ದು ಹಿಂದಿನ ದಾರಿಯಲ್ಲೇ ಹೆಚ್ಚು. ಇದೇ ಅಧ್ಯಯನದಲ್ಲಿ ಲ್ಯಾಮಿನೋಪ್ಲಾಸ್ಟಿ ಆದವರು ಚೆನ್ನಾಗಿ ಚೇತರಿಸಿಕೊಂಡರು, ನಿಜ. ಆದರೆ ಅದು ಯಾರಿಗೆ ತಕ್ಕದ್ದು ಎಂದು ಆರಿಸಿದವರು ಸರ್ಜನ್‌ಗಳು, ಚೀಟಿಯಲ್ಲ.

ಬೀಡಿ, ಸಿಗರೇಟು ಸೇದುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಿಬಿಡಬೇಕು. ನಿಕೋಟಿನ್ ಮೂಳೆ ಬೆಸೆಯುವುದಕ್ಕೆ ಅಡ್ಡಿ; ಬೆಸುಗೆ ಕೂಡದಿದ್ದರೆ ಎಷ್ಟು ಗಟ್ಟಿ ಸ್ಕ್ರೂ ಆದರೂ ಕೊನೆಗೆ ಸಡಿಲುತ್ತದೆ.