ಔಷಧಿ ಕೆಲವರಿಗೆ, ಲಾಭ ವಾರ್ಡಿಗೆಲ್ಲ!

‘ದೊಡ್ಡಾಸ್ಪತ್ರೆಗೆ ಹೋದರೆ ನಮ್ಮನ್ನು ಪ್ರಯೋಗಪಶು ಮಾಡಿಬಿಡ್ತಾರೆ’ ಎಂಬ ಮಾತು ಕೇಳಿಬರದ ಊರು ನಮ್ಮಲ್ಲಿ ಯಾವುದಿದೆ? ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್ ನಡೆಯುವ ಆಸ್ಪತ್ರೆ ಎಂದರೆ ಸಾಕು, ಮನಸ್ಸು ಹಿಂದೇಟು ಹಾಕುತ್ತದೆ. ಆದರೆ ಲೆಕ್ಕ ತೆಗೆದು ನೋಡಿದವರ ಕಣ್ಣಿಗೆ ಬಿದ್ದದ್ದೇ ಬೇರೆ. ಓದುತ್ತಾ ಹೋದಂತೆ ಹುಬ್ಬು ಮೇಲೇರುತ್ತದೆ!

ಅಮೆರಿಕದಲ್ಲಿ ‘ಕ್ರುಸೇಡ್’ ಎಂಬ ಹೆಸರಿನ ದಾಖಲೆಗಳ ಭಂಡಾರವೊಂದಿತ್ತು. ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೇಳದ ಬಗೆಯ ಹೃದಯಾಘಾತವಾಗಿ ಬಂದವರಿಗೆ ಏನು ಚಿಕಿತ್ಸೆ ಕೊಟ್ಟರು, ಕೊನೆಗೆ ಏನಾಯಿತು ಎಂಬುದೆಲ್ಲ ಅದರಲ್ಲಿ ಜಮಾ. ಸಂಶೋಧಕ ಸುಮಿತ್ ಮಜುಂದಾರ್ ಮತ್ತು ಸಂಗಡಿಗರು ಇದನ್ನು ಜಾಲಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 494 ಆಸ್ಪತ್ರೆ, 1,74,062 ರೋಗಿಗಳು! ಟ್ರಯಲ್‌ಗಳ ಗೋಜಿಗೇ ಹೋಗದ ಆಸ್ಪತ್ರೆಗಳಲ್ಲಿ ನೂರಕ್ಕೆ 5.9 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಅಲ್ಪಸ್ವಲ್ಪ ಭಾಗವಹಿಸಿದ ಕಡೆ 4.4. ಹೆಚ್ಚು ಭಾಗವಹಿಸಿದ ಕಡೆ 3.5. ಮೆಟ್ಟಿಲು ಇಳಿದಂತೆ ಇಳಿಯುತ್ತದೆ ಸಾವಿನ ಅಂಕಿ! ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ತೂಗಿದರೂ ಈ ಅಂತರ ಅಳಿಸಿಹೋಗಲಿಲ್ಲ.

ತಡೆಯಿರಿ, ನಿಜವಾದ ಅಚ್ಚರಿ ಇನ್ನೂ ಇದೆ. ಇಷ್ಟೂ ರೋಗಿಗಳಲ್ಲಿ ಟ್ರಯಲ್‌ಗೆ ಸೇರಿದವರು ನೂರಕ್ಕೆ ಮೂವರೂ ಇಲ್ಲ! ಉಳಿದವರು ಹೊಸ ಔಷಧಿಯನ್ನು ಮುಟ್ಟಿಯೂ ನೋಡಿಲ್ಲ. ಎಲ್ಲರಂತೆ ಬಂದು ಮಾಮೂಲಿ ಚಿಕಿತ್ಸೆ ಪಡೆದವರು. ಅಡುಗೆ ಒಂದು ಮನೆಯಲ್ಲಾದರೂ ಒಗ್ಗರಣೆಯ ಘಮ ಬೀದಿಗೆಲ್ಲ ಹರಡಿದ ಹಾಗೆ, ಸಂಶೋಧನೆ ಕೆಲವರ ಮೇಲೆ ನಡೆದರೂ ಅದರ ಲಾಭ ಇಡೀ ವಾರ್ಡಿಗೆ ಹರಡಿದಂತಿದೆಯಲ್ಲ!

ಗುಟ್ಟೇನು? ಟ್ರಯಲ್‌ನ ಒಂದು ಫಾರಂ ಬಿಡಿಸಿ ನೋಡಿ. ರೋಗಿ ಬಂದದ್ದು ಎಷ್ಟು ಹೊತ್ತಿಗೆ? ಔಷಧಿ ಕೊಟ್ಟದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ? ಒಂದು ಚೌಕ ಖಾಲಿ ಬಿಟ್ಟರೂ ಕೇಳುವವರಿದ್ದಾರೆ. ತಪ್ಪು ಬರೆದರೆ ಗೀಚಿ ಮುಚ್ಚುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ಹೊರಗಿನಿಂದ ಮಾನಿಟರ್, ಅಂದರೆ ತಪಾಸಣೆ ಮಾಡುವವರು, ಬಂದು ಫಾರಂ ಮತ್ತು ಕೇಸ್ ಶೀಟ್ ಎರಡನ್ನೂ ತಾಳೆ ನೋಡುತ್ತಾರೆ. ರೋಗಿಗೆ ಗಂಭೀರ ತೊಂದರೆಯಾದರೆ ಎಥಿಕ್ಸ್ ಕಮಿಟಿಗೆ ವರದಿ ಹೋಗಲೇಬೇಕು. ಹೀಗೆ ಪಳಗಿದ ನರ್ಸಮ್ಮ, ಹೀಗೆ ಪಳಗಿದ ಡಾಕ್ಟರು ಪಕ್ಕದ ಬೆಡ್ಡಿಗೆ ಹೋದಾಗ ಆ ಶಿಸ್ತನ್ನು ಕಳಚಿಟ್ಟು ಹೋಗುತ್ತಾರೆಯೇ? ಕ್ರುಸೇಡ್ ಅಂಕಿಗಳೂ ಇದಕ್ಕೆ ಪೂರಕ: ಮಾರ್ಗಸೂಚಿಯಂತೆ ಚಿಕಿತ್ಸೆ ಕೊಟ್ಟ ಪ್ರಮಾಣ ಟ್ರಯಲ್ ಇಲ್ಲದ ಕಡೆ ಶೇ 76.9, ಹೆಚ್ಚು ಟ್ರಯಲ್ ನಡೆದ ಕಡೆ ಶೇ 81.1.

ಹೃದಯದ ಕತೆ ಹೀಗಾದರೆ, ಕ್ಯಾನ್ಸರಿನದ್ದು? ಇಂಗ್ಲೆಂಡಿನಲ್ಲಿ 2001ರಿಂದ 2008ರವರೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾದ ಎರಡು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಹಿಡಿದು ಕೂತವರ ಅಧ್ಯಯನ 2017ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಬಂತು. ನಾಲ್ಕು ವರ್ಷ ಅಥವಾ ಹೆಚ್ಚು ಕಾಲ ಸಂಶೋಧನೆಯಲ್ಲಿ ಜೋರಾಗಿ ತೊಡಗಿದ್ದ ಆಸ್ಪತ್ರೆಗಳಲ್ಲಿ ಆಪರೇಷನ್ ನಂತರದ ಸಾವು ಶೇ 5. ಒಂದು ವರ್ಷವೂ ಹಾಗೆ ತೊಡಗದ ಕಡೆ ಶೇ 6.5. ಐದು ವರ್ಷ ಬದುಕುಳಿದವರು ಮೊದಲ ಬಗೆಯ ಆಸ್ಪತ್ರೆಗಳಲ್ಲಿ ಶೇ 44.8, ಎರಡನೆಯ ಬಗೆಯಲ್ಲಿ ಶೇ 41. ಬೇರೆ ದೇಶ, ಬೇರೆ ಕಾಯಿಲೆ, ಆದರೂ ಅದೇ ಜಾಡು!

ಒಳ್ಳೆಯ ಆಸ್ಪತ್ರೆಯನ್ನು ಹುಡುಕಿಕೊಂಡು ಸಂಶೋಧನೆ ಬರುತ್ತದೋ, ಸಂಶೋಧನೆ ಬಂದು ಆಸ್ಪತ್ರೆಯನ್ನು ಒಳ್ಳೆಯದಾಗಿಸುತ್ತದೋ? ಇಂಥ ಅಧ್ಯಯನಗಳು ಎರಡರ ನಂಟನ್ನು ತೋರಿಸುತ್ತವೆಯೇ ಹೊರತು ಕಾರಣವನ್ನು ಖಚಿತವಾಗಿ ಸಾಬೀತು ಮಾಡುವುದಿಲ್ಲ. ಆದರೂ ಇಂಗ್ಲೆಂಡಿನ ಆ ನಾಲ್ಕು ವರ್ಷದ ಮಾತನ್ನು ಗಮನಿಸಿ. ಬಂದು ಹೋಗುವ ಟ್ರಯಲ್‌ಗಿಂತ ಬೇರು ಬಿಟ್ಟ ಅಭ್ಯಾಸಕ್ಕೆ ಫಲ ಹೆಚ್ಚು ಎಂಬ ಸುಳಿವು ಅದರಲ್ಲಿದೆ.

ಹಾಗಾದರೆ ನಮ್ಮಲ್ಲಿ ಎಲ್ಲಿ ಟ್ರಯಲ್ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ವ್ಯವಸ್ಥೆ ಸಿಟಿಆರ್‌ಐ 2007ರಲ್ಲಿ ಶುರುವಾಯಿತು, 2009ರಿಂದ ನೋಂದಣಿ ಕಡ್ಡಾಯ. ಯಾವ ಆಸ್ಪತ್ರೆಯಲ್ಲಿ ಯಾವ ಟ್ರಯಲ್ ಎಂದು ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. ಸೇರುವುದು ಬಿಡುವುದು ನಿಮ್ಮಿಷ್ಟ. ಒಲ್ಲೆ ಎಂದರೂ ಚಿಕಿತ್ಸೆ ತಪ್ಪಿಸುವಂತಿಲ್ಲ, ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಇನ್ನು ಮುಂದೆ ‘ಇಲ್ಲಿ ಸಂಶೋಧನೆ ನಡೆಯುತ್ತದೆ’ ಎಂಬ ಬೋರ್ಡು ಕಂಡರೆ ಹೆದರಿ ವಾಪಸಾಗಬೇಡಿ. ಒಳಗೆ ಹೋಗಿ, ಏನು ನಡೆಯುತ್ತಿದೆ ಎಂದು ಧೈರ್ಯವಾಗಿ ಕೇಳಿ.