ಅರವತ್ತಕ್ಕೆ ಅರಳು ಮರಳೇ? ಹಿರಿಯರ ಆರೈಕೆಯ ತರಬೇತಿ: ತಪ್ಪು ಕಲ್ಪನೆ ಮತ್ತು ಸತ್ಯ

ವೃದ್ಧರ ಆರೋಗ್ಯದ ಬಗ್ಗೆ ಜನರಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಹಳೆಯದು ಗಾದೆಯಾಗಿಯೇ ಉಳಿದುಬಂದಿದೆ. ‘ಅರವತ್ತಕ್ಕೆ ಅರಳು ಮರಳು’ ಎನ್ನುವವರು ಮರೆವು, ಗೊಂದಲ, ನಡೆಯುವಾಗಿನ ತೂರಾಟ, ಮೂತ್ರದ ಹಿಡಿತ ತಪ್ಪುವುದು ಮೊದಲಾದವೆಲ್ಲ ವಯಸ್ಸಿನ ಸಹಜ ಲಕ್ಷಣಗಳೆಂದೂ ಅವಕ್ಕೆ ಮದ್ದಿಲ್ಲವೆಂದೂ ಮೊದಲೇ ತೀರ್ಮಾನಿಸಿರುತ್ತಾರೆ. ಆದರೆ ದೇಶದ ಹಿರಿಯರ ಸ್ಥಿತಿಗತಿ ಕುರಿತ ‘ಲಾಸಿ’ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಡಿಮೆನ್ಶಿಯಾ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವಷ್ಟು ಮುಂದುವರಿದ ಮರೆವಿನ ಕಾಯಿಲೆ, ಇರುವವರು ಶೇ 7.4ರಷ್ಟು; ಉಳಿದ ಶೇ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ಇನ್ನು ಒಂದೆರಡು ದಿನಗಳಲ್ಲಿಯೇ ಹಠಾತ್ತನೆ ಕಾಣಿಸಿಕೊಂಡು ಹಗಲಿಗೊಂದು ಬಗೆ ರಾತ್ರಿಗೊಂದು ಬಗೆ ಏರಿಳಿಯುವ ಗೊಂದಲಕ್ಕೆ ಡೆಲಿರಿಯಂ ಎಂಬ ಬೇರೆಯ ಹೆಸರಿದ್ದು, ಅದರ ಹಿಂದೆ ಮೂತ್ರನಾಳದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದಿರುವುದೋ, ಹೊಸದಾಗಿ ಆರಂಭಿಸಿದ ಮಾತ್ರೆಯೋ ಇರುವುದು ಸಾಮಾನ್ಯವಾದ್ದರಿಂದ, ಕಾರಣವನ್ನು ಹುಡುಕಿದರೆ ಬಹಳಷ್ಟು ಸಲ ಗುಣಪಡಿಸಬಹುದು. ಮನೆಯವರು ಗಾದೆಯನ್ನು ನಂಬಿದರೆ ಅಚ್ಚರಿಯಿಲ್ಲ. ಆರೋಗ್ಯ ಸಿಬ್ಬಂದಿಯೂ ಅದನ್ನೇ ನಂಬಿ ಮನೆಗೆ ಕಳುಹಿಸಿದರೆ ಅದು ತರಬೇತಿಯ ಲೋಪ.

ಎಂ.ಬಿ.ಬಿ.ಎಸ್. ಅಥವಾ ನರ್ಸಿಂಗ್ ಓದಿದವರಿಗೆ ವೃದ್ಧರ ಚಿಕಿತ್ಸೆಯೂ ತಾನಾಗಿಯೇ ಬರುತ್ತದೆ ಎಂಬುದು ಎರಡನೆಯ ನಂಬಿಕೆ. ಮಕ್ಕಳನ್ನು ಚಿಕ್ಕ ಗಾತ್ರದ ದೊಡ್ಡವರೆಂದು ಯಾವ ವೈದ್ಯರೂ ಭಾವಿಸುವುದಿಲ್ಲವಾದರೂ, ಮುದುಕರನ್ನು ನರೆಗೂದಲಿನ ಮಧ್ಯವಯಸ್ಕರೆಂದು ಭಾವಿಸುವ ರೂಢಿ ಮಾತ್ರ ಇನ್ನೂ ಹೋಗಿಲ್ಲ. ವಯಸ್ಸಾದವರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರೀ ಸುಸ್ತು ಅಥವಾ ಉಬ್ಬಸವಾಗಿ ಬರಬಹುದು, ನ್ಯುಮೋನಿಯಾ ಜ್ವರವಿಲ್ಲದೆಯೇ ಬರಬಹುದು. ಮೂತ್ರಪಿಂಡದ ಕಾರ್ಯಶಕ್ತಿ ಕುಗ್ಗುವುದರಿಂದ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆಯಾದ ಗ್ಲಿಬೆನ್‌ಕ್ಲಮೈಡ್ ಹಿರಿಯರಲ್ಲಿ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಗೊಂದಲವನ್ನೂ ಮೂತ್ರ ಕಟ್ಟುವುದನ್ನೂ ತರಬಲ್ಲದು, ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್ ಮೂತ್ರಪಿಂಡವನ್ನು ಕೆಡಿಸಬಲ್ಲದು. ಹೀಗಾಗಿಯೇ ವೃದ್ಧರ ಆರೈಕೆಯ ತರಬೇತಿಯಲ್ಲಿ ಕಲಿಸುವ ಮೊದಲ ಅಭ್ಯಾಸಗಳಲ್ಲೊಂದೆಂದರೆ, ರೋಗಿ ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸುರಿದು ನೋಡುವುದು. ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಬಿ.ಪಿ. ಮಾತ್ರೆ ಎರಡೆರಡು ಪಟ್ಟಿಗಳಲ್ಲಿ ಅಲ್ಲಿ ಕಾಣಸಿಗುವುದುಂಟು. ಇನ್ನೊಂದು, ರೋಗಿಯನ್ನು ಕುರ್ಚಿಯಿಂದ ಎಬ್ಬಿಸಿ, ಮೂರು ಮೀಟರ್ ನಡೆಸಿ, ತಿರುಗಿಸಿ, ಮತ್ತೆ ಬಂದು ಕೂರಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡುವ ಪರೀಕ್ಷೆ; ಹನ್ನೆರಡು ಸೆಕೆಂಡೋ ಅದಕ್ಕಿಂತ ಹೆಚ್ಚೋ ಆದರೆ ಬೀಳುವ ಅಪಾಯವಿದೆಯೆಂದು ಎಣಿಸಲಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಕುರ್ಚಿ ಮತ್ತು ಒಂದು ಗಡಿಯಾರ ಮಾತ್ರ.

ಹಾಗಾದರೆ ಜೀರಿಯಾಟ್ರಿಕ್ಸ್, ಅಂದರೆ ವೃದ್ಧಾಪ್ಯದ ವೈದ್ಯಶಾಸ್ತ್ರ, ಓದಿದ ತಜ್ಞರ ಸಂಖ್ಯೆ ಹೆಚ್ಚಿಸಿದರೆ ಸಾಕೆಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ದೇಶದಲ್ಲಿ ಈ ವಿಷಯದ ಎಂ.ಡಿ. ಪದವಿ ಮೊದಲು ಆರಂಭವಾದದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಅಂದಿನಿಂದ ಇಂದಿನವರೆಗೂ ಸೀಟುಗಳು ಕೆಲವೇ ಸಂಸ್ಥೆಗಳಲ್ಲಿವೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ 9.5ರಷ್ಟು ಮಂದಿ ಅರವತ್ತು ದಾಟಿದ್ದರೆಂಬುದನ್ನು ಗಮನಿಸಿದರೆ, ತಜ್ಞರಿಗಾಗಿ ಕಾಯುವುದು ಕಾರ್ಯಸಾಧುವಲ್ಲ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ಕನ್ನೂ ವಿಧಿಸಿದೆಯಾದರೂ, ಆ ಕ್ಲಿನಿಕ್ಕಿನಲ್ಲಿ ಕೂರುವವರು ಸಾಮಾನ್ಯ ವೈದ್ಯರು ಮತ್ತು ಶುಶ್ರೂಷಕಿಯರೇ. ಅವರಿಗೂ ಮೊದಲು ಹಿರಿಯರ ಮನೆಯ ಹೊಸ್ತಿಲು ತಲುಪುವವರು ಆಶಾ ಕಾರ್ಯಕರ್ತೆಯರು. ಅವರು ತುಂಬುವ ‘ಸಿಬ್ಯಾಕ್’ ನಮೂನೆಯಲ್ಲಿ, ನಿಲ್ಲುವಾಗ ನಡೆಯುವಾಗ ತಡವರಿಸುತ್ತೀರಾ, ಉಣ್ಣಲು ಉಡಲು ಸ್ನಾನಕ್ಕೆ ಬೇರೆಯವರ ನೆರವು ಬೇಕೇ, ಹತ್ತಿರದವರ ಹೆಸರನ್ನೋ ಸ್ವಂತ ಮನೆಯ ವಿಳಾಸವನ್ನೋ ಮರೆಯುತ್ತೀರಾ ಎಂಬ ಪ್ರಶ್ನೆಗಳು ಅರವತ್ತು ಮೀರಿದವರಿಗಾಗಿಯೇ ಇವೆ. ನಮೂನೆಯೇನೋ ಚೆನ್ನಾಗಿದೆ, ‘ಹೌದು’ ಎಂಬ ಉತ್ತರ ಬಂದಾಗ ಮುಂದೇನು ಮಾಡಬೇಕೆಂದು ಕಲಿಸದಿದ್ದರೆ ಅದು ಕಡತಕ್ಕೆ ಸೇರುವ ಇನ್ನೊಂದು ಹಾಳೆಯಾಗುತ್ತದೆ.

ಸೌಲಭ್ಯವಂಚಿತರೆಂದರೆ ಗುಡ್ಡಗಾಡಿನ ಹಳ್ಳಿಗರು ಮಾತ್ರ ಎಂಬ ಕಲ್ಪನೆಯನ್ನು ಕಳೆಯಲು ಬೆಂಗಳೂರಿನ ಜಯನಗರದಷ್ಟು ತಕ್ಕ ಉದಾಹರಣೆ ಅಪರೂಪ. 1948ರಲ್ಲಿ ರೂಪುಗೊಂಡ ಈ ಬಡಾವಣೆಯ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿ, ರಾಜ್ಯದ ವೈದ್ಯಕೀಯ ಹಾಗೂ ನರ್ಸಿಂಗ್ ಪದವಿಗಳನ್ನು ನೀಡಲು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಹತ್ತಿರದಲ್ಲಿಯೇ ಸಾರ್ವಜನಿಕ ಆಸ್ಪತ್ರೆಯಿದೆ, ಒಂಬತ್ತನೆಯ ಬ್ಲಾಕಿನ ಅಂಚಿಗೆ ಜಯದೇವ ಹೃದ್ರೋಗ ಸಂಸ್ಥೆಯಿದೆ, ಹೊಸೂರು ರಸ್ತೆಯಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ರಾಷ್ಟ್ರೀಯ ಸಂಸ್ಥೆಯಾದ ನಿಮ್ಹಾನ್ಸ್ ಇದೆ. ಇವುಗಳ ನೆರಳಿನಲ್ಲಿಯೇ ತಿಲಕನಗರ, ಗುರಪ್ಪನಪಾಳ್ಯ, ಯಾರಬ್ ನಗರಗಳ ಇಕ್ಕಟ್ಟಾದ ಗಲ್ಲಿಗಳಿವೆ. ಮನೆಗೆಲಸವನ್ನೋ ಗಾರೆ ಕೆಲಸವನ್ನೋ ಮಾಡಿ ದಣಿದ, ಪಿಂಚಣಿಯೆಂಬುದನ್ನು ಕಾಣದ ಮುದುಕಿಗೆ ಆಸ್ಪತ್ರೆ ಎರಡು ಕಿಲೋಮೀಟರ್ ದೂರದಲ್ಲಿದ್ದರೂ, ಜೊತೆಗೆ ಬರುವ ಮಗಳ ಒಂದು ದಿನದ ಕೂಲಿ ತಪ್ಪುವುದಾದರೆ ಅದು ದೂರವೇ. ಭಾಷೆಯ ತೊಡಕೂ ಇದೆ: ದಖನಿ ಉರ್ದು, ತಮಿಳು, ತೆಲುಗು ಆಡುವ ಓಣಿಯಲ್ಲಿ ಪಠ್ಯಪುಸ್ತಕದ ಇಂಗ್ಲಿಷ್ ಪ್ರಶ್ನೆ ಉಪಯೋಗಕ್ಕೆ ಬಾರದು. ಅಕ್ಷರ ಕಲಿಯದವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿ, ಬರೆಯದಿದ್ದರೆ ಮರೆವಿನ ಕಾಯಿಲೆಯೆಂದು ಗುರುತು ಹಾಕುವುದು ಅನ್ಯಾಯವೂ ಹೌದು, ಅವೈಜ್ಞಾನಿಕವೂ ಹೌದು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ನೆರವಿನಿಂದ ಅರಿವಿನ ಪರೀಕ್ಷೆಗಳು ಸಿದ್ಧವಾದದ್ದು ಈ ಕಾರಣಕ್ಕೇ.

ಒಂದು ದಿನದ ಕಾರ್ಯಾಗಾರ, ಒಂದು ಪ್ರಮಾಣಪತ್ರ, ಅಲ್ಲಿಗೆ ತರಬೇತಿ ಮುಗಿಯಿತೆಂಬುದು ಅಧಿಕಾರಿ ವಲಯದ ಅಚ್ಚುಮೆಚ್ಚಿನ ನಂಬಿಕೆ. 2022ರಲ್ಲಿ ನಿಮ್ಹಾನ್ಸ್, ರಾಜ್ಯದ ಆರೋಗ್ಯ ಇಲಾಖೆ ಮತ್ತು ನೀತಿ ಆಯೋಗ ಜೊತೆಗೂಡಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆ ಬೇರೆ ದಾರಿ ಹಿಡಿಯಿತು. ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಡಿಮೆನ್ಶಿಯಾ ಇವನ್ನು ಗುರುತಿಸಲು ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ಕಲಿಸಿ, ಅವರು ಕಳುಹಿಸುವ ರೋಗಿಗಳಿಗಾಗಿ ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿಯೂ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಯಿತು. ತಜ್ಞರು ದೂರದಲ್ಲಿದ್ದುಕೊಂಡೇ ಸ್ಥಳೀಯ ವೈದ್ಯರೊಡನೆ ವಿಡಿಯೊ ಮೂಲಕ ನಿಜವಾದ ರೋಗಿಗಳ ವಿಚಾರ ಚರ್ಚಿಸುತ್ತ ಕಲಿಸುವ ‘ಎಕೋ’ ಪದ್ಧತಿ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹುಟ್ಟಿದ್ದು, ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯದ ತರಬೇತಿಗೆ ಬಳಸಿಕೊಂಡಿದೆ. ಕಲಿತದ್ದನ್ನು ಮರುವಾರವೇ ರೋಗಿಯ ಮೇಲೆ ಪ್ರಯೋಗಿಸಿ, ಎಡವಿದರೆ ಕೇಳಲು ಯಾರಾದರೂ ಇರುವ ಈ ಕ್ರಮವೇ ಪ್ರಮಾಣಪತ್ರಕ್ಕಿಂತ ಮೇಲು.

ಇಂಥ ತರಬೇತಿ ಪಡೆದವರು ಸರ್ಕಾರದ ಪ್ರತಿ ‘ನಮ್ಮ ಕ್ಲಿನಿಕ್’ ಆರೋಗ್ಯ ಕೇಂದ್ರದಲ್ಲಿಯೂ ಸಿಗುವವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ: ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವಾಗ ಮನೆಯಲ್ಲಿರುವ ಮಾತ್ರೆಗಳೆಲ್ಲವನ್ನೂ ಜೊತೆಗೆ ಒಯ್ಯಬೇಕು, ಕಳೆದ ಒಂದು ವರ್ಷದಲ್ಲಿ ಅವರು ಒಮ್ಮೆಯಾದರೂ ಬಿದ್ದಿದ್ದರೆ ವೈದ್ಯರು ಕೇಳದಿದ್ದರೂ ಹೇಳಬೇಕು.