ಶ್ರವಣಸಾಧನ: ಕೊಳ್ಳುವ ಬೆಲೆ, ನಡೆಸುವ ಬೆಲೆ

ಯಂತ್ರವೊಂದನ್ನು ಕೊಳ್ಳುವ ಮುನ್ನ ಚಿಕ್ಕೋಡಿ, ರಾಯಬಾಗ ಭಾಗದ ಯಾವ ಉದ್ಯಮಿಯೂ ಅದರ ವಿದ್ಯುತ್ ವೆಚ್ಚ, ಬಿಡಿಭಾಗ, ದುರಸ್ತಿಗಳನ್ನು ವಿಚಾರಿಸದೆ ಇರುವುದಿಲ್ಲ. ಅದೇ ಉದ್ಯಮಿ ತಮ್ಮ ಕಿವಿಗಾಗಿ ಶ್ರವಣಸಾಧನ ಕೊಳ್ಳುವಾಗ ಮಾತ್ರ ಬೆಲೆಯೊಂದನ್ನೇ ಚೌಕಾಶಿ ಮಾಡುತ್ತಾರೆ. ಕೆಲವೇ ತಿಂಗಳುಗಳಲ್ಲಿ ಆ ಸಾಧನ ಗಲ್ಲಾಪೆಟ್ಟಿಗೆಯ ಮೂಲೆ ಸೇರುವುದಕ್ಕೆ ಈ ಮರೆವೂ ಒಂದು ಕಾರಣ.

ಲೆಕ್ಕ ಕಠಿಣವಾದುದಲ್ಲ. ಕಿವಿಯ ಹಿಂದೆ ಧರಿಸುವ ಅನೇಕ ಸಾಧನಗಳಿಗೆ 13ನೇ ಅಳತೆಯ ಜಿಂಕ್-ಏರ್ ಸೆಲ್ಲು ಬೇಕು. ಅದು ಹತ್ತು ದಿನ ಬಾಳಿತೆಂದರೆ ಎರಡು ಕಿವಿಗಳಿಗೆ ವರ್ಷಕ್ಕೆ 73 ಸೆಲ್ಲುಗಳು, ಅಂದರೆ ಆರು ಸೆಲ್ಲುಗಳ 13 ಪಟ್ಟಿಗಳು. ಪಟ್ಟಿಗೆ 250 ರೂ. ಎಂದು ಹಿಡಿದರೂ ವರ್ಷಕ್ಕೆ 3,250 ರೂ., ಐದು ವರ್ಷಗಳಿಗೆ 16,250 ರೂ. ಜೋಡಿಯ ಬೆಲೆ 40,000 ರೂ. ಇದ್ದಲ್ಲಿ ಅದರ ಐದರಲ್ಲಿ ಎರಡು ಭಾಗದಷ್ಟು ಹಣ ಸೆಲ್ಲುಗಳಿಗೇ ಸಲ್ಲುತ್ತದೆ. ಅಚ್ಚು, ನಳಿಕೆ, ದುರಸ್ತಿ ಬೇರೆ. ಮರುಪೂರಣ ಮಾಡಬಲ್ಲ ಸಾಧನಗಳಲ್ಲಿ ಈ ಖರ್ಚಿಲ್ಲ ನಿಜ. ಆದರೆ ಒಳಗಿನ ಬ್ಯಾಟರಿ ಕುಂದಿದಾಗ ಬದಲಿಸುವ ವೆಚ್ಚವನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ಸೆಲ್ಲಿನ ಮೇಲಿನ ಅಂಟುಪಟ್ಟಿ ಕಿತ್ತೊಡನೆ ಗಾಳಿ ಒಳಹೊಕ್ಕು ಅದರ ಆಯುಷ್ಯ ಸವೆಯತೊಡಗುತ್ತದೆ; ಪುನಃ ಅಂಟಿಸಿ ಫಲವಿಲ್ಲ. ಕೃಷ್ಣೆ, ದೂಧಗಂಗೆಗಳ ತೀರದ ಮಳೆಗಾಲದ ತೇವ, ನಿಪ್ಪಾಣಿಯ ತಂಬಾಕಿನ ಧೂಳು, ಗಿರಣಿಯ ಹಿಟ್ಟು ಇವೆಲ್ಲ ಸಾಧನದ ವೈರಿಗಳು. ರಾತ್ರಿ ಸೆಲ್ಲಿನ ಬಾಗಿಲು ತೆರೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟರೆ ಎಷ್ಟೋ ದುರಸ್ತಿಗಳು ತಪ್ಪುತ್ತವೆ. ಗಟ್ಟಿಯಾದ ನಳಿಕೆಯೊಂದನ್ನು ಬದಲಿಸಲು ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಹೋಗಿಬಂದರೆ ಒಂದು ದಿನದ ವ್ಯಾಪಾರ ಹೋಯಿತು. ಈ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ.

ತೆರಿಗೆಯ ವಿಚಾರದಲ್ಲಿಯೂ ತಪ್ಪು ಗ್ರಹಿಕೆಗಳಿವೆ. ಶ್ರವಣಸಾಧನಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆ, ಬಿಡಿಯಾಗಿ ಕೊಳ್ಳುವ ಸೆಲ್ಲಿಗೆ ಇಲ್ಲ. ಮಾಲೀಕರು ತಮಗಾಗಿ ಕೊಂಡ ಸಾಧನವನ್ನು ಅಂಗಡಿಯ ದುರಸ್ತಿ ಖಾತೆಗೆ ಬರೆಯುವುದು ಸಲ್ಲದು. ಅದು ವೈಯಕ್ತಿಕ ಖರ್ಚು, ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಕೆಲಸಗಾರರಿಗಾಗಿ ಕೊಂಡಿದ್ದರೆ ಸಿಬ್ಬಂದಿ ಕಲ್ಯಾಣದ ವೆಚ್ಚವೆಂದು ತೋರಿಸಬಹುದು. ವೈದ್ಯಕೀಯ ಪ್ರಮಾಣಪತ್ರವಿದ್ದು ನ್ಯೂನತೆ ಶೇ. 40ಕ್ಕೆ ಕಡಿಮೆಯಿಲ್ಲದಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂ., ಶೇ. 80 ಮುಟ್ಟಿದರೆ 1,25,000 ರೂ. ಕಡಿತ ದೊರೆಯುತ್ತದೆ. ವರ್ತಕರಿಗೆ ಇದು 80ಯು ಎಂದೇ ಪರಿಚಿತ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಅನುಕೂಲವಿಲ್ಲ.

ಈ ಭಾಗಕ್ಕೆ ಹೆಚ್ಚು ತಾಗುವ ಸಂಗತಿ ಇನ್ನೊಂದಿದೆ. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ ಶ್ರವಣಸಾಧನ ಪಡೆಯುವ ದಾರಿಯುಂಟು. ಆದರೆ 1948ರ ಕಾಯ್ದೆ ಸಕ್ಕರೆ, ಬೆಲ್ಲಗಳ ತಯಾರಿಕೆಯನ್ನು ಋತುಮಾನದ ಕಾರ್ಖಾನೆಗಳ ಸಾಲಿನಲ್ಲಿರಿಸಿ ಹೊರಗಿಟ್ಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಋತುಮಾನದ ಕಾರ್ಖಾನೆಗಳನ್ನು ಒಳಗೆ ತಂದಿಲ್ಲ. ಕಬ್ಬು ನುರಿಸುವ ಗದ್ದಲದಲ್ಲಿ ನಿಲ್ಲುವವರೇ ಹೀಗೆ ಹೊರಗುಳಿಯುವ ಸಂಭವವಿದೆ. ಗದ್ದಲದಿಂದ ಬರುವ ಕಿವುಡುತನ ಕಾನೂನಿನ ಪ್ರಕಾರ ಔದ್ಯೋಗಿಕ ರೋಗವಾಗಿರುವುದರಿಂದ ಪರಿಹಾರದ ಹೊಣೆ ಮಾಲೀಕರ ಮೇಲೆ ಬರಬಹುದು. ಅಂಥ ಕೆಲಸಗಾರನಿಗೆ ಸಾಧನ ಕೊಡಿಸುವವರು ವರ್ಷದ 13 ಪಟ್ಟಿ ಸೆಲ್ಲುಗಳನ್ನೂ ಅದೇ ಆದೇಶದಲ್ಲಿ ಸೇರಿಸತಕ್ಕದ್ದು.